ಭಾನುವಾರದ ಪ್ರಶ್ನೋತ್ತರ: ಚಕ್ರದಿಂದ ಗುಂಯ್ ಅನ್ನೋ ಸದ್ದು

ಅಡ್ಮಿನ್: ಹಳೇ ಕಾರಿನವರ ಗುಂಪಿಗೆ ಈ ವಾರ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ. ಗಾಡಿ ಓಡುವಾಗ ಚಕ್ರದ ಕಡೆಯಿಂದ ಹಿಟ್ಟಿನ ಗಿರಣಿ ಥರ ಸದ್ದು. ಬಳ್ಳಾರಿಯಲ್ಲಿ 26 ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವ ನಮ್ಮ ಮಿಸ್ತ್ರಿ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ದಯವಿಟ್ಟು ಒಬ್ಬರಿಗೆ ಒಂದೇ ಪ್ರಶ್ನೆ.

ಸಿರುಗುಪ್ಪ ಆಲ್ಟೋ: ನಮಸ್ಕಾರ ಸರ್. 60 ದಾಟಿದರೆ ಗುಂಯ್ ಅನ್ನುತ್ತದೆ. ಇಂಜಿನ್ನಾ, ಚಕ್ರಾನಾ? ಹೇಗೆ ತಿಳಿಯೋದು?

ಮಿಸ್ತ್ರಿ: ನಮಸ್ಕಾರ. ಖಾಲಿ ರೋಡಿನಲ್ಲಿ 60ಕ್ಕೆ ಹೋಗಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ಇಂಜಿನ್ ಸದ್ದು ಇಳಿಯುತ್ತದೆ. ಗುಂಯ್ ಮಾತ್ರ ಹಾಗೇ ಇದ್ದು, ಗಾಡಿ ನಿಧಾನ ಆದಂತೆ ಅದೂ ಇಳಿದರೆ ಚಕ್ರದ ಕಡೆಯದು. ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ) ಇಲ್ಲಾ ಟೈರ್. ಓಡುವಾಗ ಕೀ ತಿರುಗಿಸಿ ಇಂಜಿನ್ ಆಫ್ ಮಾಡಬೇಡಿ ಮತ್ತೆ. ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಮಾನ್ವಿ ಟೀಚರ್: ಸರ್, ಬೇರಿಂಗ್ ಬದಲಿಸಲು ಎಷ್ಟಾಗಬಹುದು?

ಮಿಸ್ತ್ರಿ: ಗಾಡಿ ನೋಡದೆ ರೇಟು ಹೇಳಲ್ಲಮ್ಮ.

ಕೊಪ್ಪಳ ಸ್ಯಾಂಟ್ರೋ: ಮಿಸ್ತ್ರಿ ಅಣ್ಣ, ನನ್ನ ಗೋಳು ಬೇರೆ. ಮುಂದಿನ ಎರಡೂ ಬೇರಿಂಗ್ ಹಾಕಿಸಿದೆ. ಸದ್ದು ಹೋಗಲಿಲ್ಲ. ಬೇರಿಂಗೇ ಡೂಪ್ಲಿಕೇಟ್ ಅಂದರು, ಮತ್ತೆ ಹಾಕಿಸಿದೆ. ಈಗಲೂ ಅದೇ ಸದ್ದು.

ಮಿಸ್ತ್ರಿ: ಸದ್ದು ಎಲ್ಲ ರೋಡಿನಲ್ಲೂ ಒಂದೇ ಥರ ಇದೆಯಾ? ಹೈವೇ ನುಣುಪು ಡಾಂಬರಿನಲ್ಲಿ, ಊರೊಳಗಿನ ಸಿಮೆಂಟ್ ರೋಡಿನಲ್ಲಿ?

ಕೊಪ್ಪಳ ಸ್ಯಾಂಟ್ರೋ: ಇಲ್ಲ ಅಣ್ಣ. ಹೊಸ ಡಾಂಬರು ಬಂದ ಕಡೆ ಅರ್ಧ ಆಗುತ್ತದೆ. ಸಿಮೆಂಟಿನ ಮೇಲೆ ಜೋರು.

ಮಿಸ್ತ್ರಿ: ಹಾಗಾದರೆ ಬೇರಿಂಗ್ ಮೇಲಿನ ದುಡ್ಡು ದಂಡ. ಬೇರಿಂಗಿಗೆ ರೋಡು ಯಾವುದು ಅಂತ ಗೊತ್ತಾಗಲ್ಲ, ಟೈರಿಗೆ ಗೊತ್ತಾಗುತ್ತದೆ. ಹಿಂದಿನ ಟೈರಿನ ಮೇಲೆ ಅಂಗೈ ಇಟ್ಟು ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಅದೇ ಸದ್ದು. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ, ಅಲೈನ್‌ಮೆಂಟ್ ಕೆಟ್ಟಿದ್ದರೆ ಟೈರ್ ಹೀಗೆ ತಿಂದುಕೊಳ್ಳುತ್ತದೆ. ಹಿಂದಿನ ಟೈರಿನ ಸದ್ದು ಒಳಗೆ ಕೂತವರಿಗೆ ಮುಂದಿನದು ಅನ್ನಿಸೋದು ಹೊಸದೇನಲ್ಲ. ಮುಂದಿನ ಎರಡು ಹಿಂದಕ್ಕೆ, ಹಿಂದಿನ ಎರಡು ಮುಂದಕ್ಕೆ ಹಾಕಿಸಿ ಓಡಿಸಿ. ಸದ್ದು ಜಾಗ ಬದಲಿಸಿದರೆ ಸಿಕ್ಕಿಬಿತ್ತು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ, ಅದನ್ನೂ ಓದಿ ಹೇಳಿ.

ಕೊಪ್ಪಳ ಸ್ಯಾಂಟ್ರೋ: 3214 ಅಂತಿದೆ ಅಣ್ಣ.

ಮಿಸ್ತ್ರಿ: 2014ರ 32ನೇ ವಾರ ತಯಾರಾದ ಹಳೇ ಟೈರ್. ಅದಲುಬದಲು ಬೇಡ. ನೇರ ಟೈರ್ ಅಂಗಡಿಗೆ ಹೋಗಿ.

ಗಂಗಾವತಿ ವ್ಯಾಗನ್ ಆರ್: ಸರ್, 2010ರ ಗಾಡಿ, 1 ಲಕ್ಷ 20 ಸಾವಿರ ಕಿಮೀ ಓಡಿದೆ. ಎರಡು ತಿಂಗಳಿಂದ ಗುಂಯ್. ಮೊದಲು 60ಕ್ಕೆ ಬರುತ್ತಿತ್ತು, ಈಗ 30ಕ್ಕೇ ಶುರು. ಬಲಕ್ಕೆ ತಿರುಗಿಸಿದರೆ ಗರಗರ ಅನ್ನುತ್ತದೆ, ಎಡಕ್ಕೆ ಸುಮ್ಮನಾಗುತ್ತದೆ. ಈ ವಾರ ಇನ್ನೊಂದು ಹೊಸದು. ಗುಂಡಿಗೆ ಬಿದ್ದ ಮೇಲೆ ಬ್ರೇಕ್ ಒತ್ತಿದರೆ ಪೆಡಲ್ ಮೊದಲ ಸಲ ಕೆಳಗೆ ಹೋಗುತ್ತದೆ, ಎರಡನೇ ಸಲಕ್ಕೆ ಸರಿ. ಗುರುವಾರ ಮನೆಯವರೆಲ್ಲ ಮಂತ್ರಾಲಯಕ್ಕೆ ಹೊರಟಿದ್ದೇವೆ. ಹೋಗಿಬಂದು ಮಾಡಿಸಿದರೆ ನಡೆಯುತ್ತಾ?

ರಾಯಚೂರು ಡೀಸೆಲ್: ಫಾರ್ವರ್ಡ್ ಬಂದಿದೆ ನೋಡಿ. "ಚಕ್ರದ ಸದ್ದಿಗೆ ಐದು ನಿಮಿಷದ ಮದ್ದು: ಸಿರಿಂಜಿನಲ್ಲಿ ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್ ಸಮ ಸಮ ಬೆರೆಸಿ ಬೇರಿಂಗಿಗೆ ಬಿಡಿ."

ಮಿಸ್ತ್ರಿ: ಡೀಸೆಲ್ ಅವರೇ, ಅದನ್ನು ಅಳಿಸಿ. ಗಂಗಾವತಿಯವರ ಗಾಡಿಯ ಮುಂದಿನ ಬೇರಿಂಗ್ ಸೀಲ್ ಆದದ್ದು. ಗ್ರೀಸ್ ಒಳಗೇ ತುಂಬಿ ಮುಚ್ಚಿರುತ್ತಾರೆ. ಎಣ್ಣೆ ಒಳಗೆ ಹೋಗಲ್ಲ. ಹೋದರೆ ಇರುವ ಗ್ರೀಸನ್ನೂ ತೊಳೆಯುತ್ತದೆ. ಉಳಿದದ್ದು ಬ್ರೇಕ್ ಪ್ಯಾಡಿಗೆ ಹತ್ತುತ್ತದೆ. ಆಮೇಲೆ ಸದ್ದೂ ಇರುತ್ತದೆ, ಬ್ರೇಕೂ ಇರಲ್ಲ.

ಗಂಗಾವತಿಯವರೇ, ನೀವು ಗಾಡಿ ಹೊರಗೆ ತೆಗೆಯಬೇಡಿ. ಗುರುವಾರಕ್ಕಲ್ಲ, ನಾಳೆ ಸಂತೆಗೂ ಬೇಡ. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಕ್ಕೆ ಬೀಳುತ್ತದೆ. ಆಗ ಸದ್ದು ಏರಿದರೆ ಸಾಮಾನ್ಯವಾಗಿ ಎಡಗಡೆ ಬೇರಿಂಗ್. ಇದು ನೂರಕ್ಕೆ ನೂರು ಅಲ್ಲ. ಆದರೆ ನನ್ನ ತಲೆ ಕೆಡಿಸಿದ್ದು ಸದ್ದಲ್ಲ, ಆ ಪೆಡಲ್. ಬೇರಿಂಗ್ ಸಡಿಲವಾದರೆ ಗುಂಡಿಯಲ್ಲಿ ಬ್ರೇಕ್ ಡಿಸ್ಕ್ ಅಲ್ಲಾಡಿ, ಅದನ್ನು ಹಿಡಿಯುವ ಪ್ಯಾಡನ್ನು, ಪ್ಯಾಡ್ ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಮೊದಲ ಒತ್ತು ಆ ಸಂದು ತುಂಬಲಿಕ್ಕೇ ಖರ್ಚಾಗುತ್ತದೆ. ಎದುರಿಗೆ ಭತ್ತದ ಲಾರಿ ಬಂದಾಗ ಎರಡನೇ ಸಲ ಒತ್ತಲು ಟೈಮ್ ಸಿಗಲ್ಲ. ಇನ್ನೂ ಮುಂದೆ ಹೋದರೆ ಚಕ್ರ ಕಚ್ಚಿಕೊಳ್ಳಬಹುದು, ಕಳಚಿಯೂ ಹೋಗಬಹುದು.

ಸಮ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಡ ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ. ಕೆಳಗೆ ತಲೆ ಹಾಕಬೇಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಟಕ್ ಅಂದರೆ ಹೇಳಿ. ಕೊನೆಗೆ ಕೈಯಲ್ಲಿ ಚಕ್ರ ತಿರುಗಿಸಿ, ಇನ್ನೊಂದು ಕೈ ಸ್ಪ್ರಿಂಗ್ ಮೇಲೆ ಇಡಿ. ಬೇರಿಂಗ್ ಹೋಗಿದ್ದರೆ ಕೈಗೆ ಜುಂ ಅನ್ನುತ್ತದೆ. ಒಂದು ಕೇಳಬೇಕಿತ್ತು, ಗಾಡಿ ನೀರಿನಲ್ಲಿ ನಿಂತಿತ್ತಾ?

ಗಂಗಾವತಿ ವ್ಯಾಗನ್ ಆರ್: ಹೌದು ಸರ್! ಮಳೆಗಾಲದಲ್ಲಿ ಕಾಲುವೆ ನೀರು ರೋಡಿಗೆ ಬಂದಿತ್ತು. ಅರ್ಧ ಗಂಟೆ ಚಕ್ರದ ನಡುವಿನ ಹಬ್ ಮುಳುಗುವಷ್ಟು ನೀರಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

ಮಿಸ್ತ್ರಿ: ಅಲ್ಲೇ ಶುರುವಾಗಿರಬೇಕು. ಓಡಿ ಬಿಸಿಯಾದ ಹಬ್ ತಣ್ಣೀರಿನಲ್ಲಿ ನಿಂತರೆ ಹಳೇ ಸೀಲ್ ನೀರು ಎಳೆದುಕೊಳ್ಳುತ್ತದೆ. ಒಳಗೆ ತುಕ್ಕು, ತುಕ್ಕಿನಿಂದ ಗುಳಿ, ಗುಳಿಯ ಮೇಲೆ ಗುಂಡು ಉರುಳಿದರೆ ಗುಂಯ್. ತಿಂಗಳುಗಟ್ಟಲೆ ಆದ ಮೇಲೆ ಗೊತ್ತಾಗುತ್ತದೆ.

ಬಳ್ಳಾರಿ ಕೌಲ್‌ಬಜಾರ್: ಟೈರಿಗೆ ನೈಟ್ರೋಜನ್ ಹಾಕಿಸಿದರೆ ಸದ್ದು ಕಮ್ಮಿ ಅಂತಾರಲ್ಲ?

ರಾಯಚೂರು ಡೀಸೆಲ್: ನೂರಕ್ಕೆ ನೂರು ನಿಜ. ನಾನು ಹಾಕಿಸಿದ ಮೇಲೆ ಗಾಡಿ ಬೆಣ್ಣೆ.

ಸಿಂಧನೂರು ಇಂಡಿಕಾ: ಸುಮ್ನೆ ದುಡ್ಡು ಕೀಳೋದು. ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ.

ರಾಯಚೂರು ಡೀಸೆಲ್: ನಮ್ಮ ರಾಯಚೂರು ಬಿಸಿಲಲ್ಲಿ ಓಡಿಸಿ ಮಾತಾಡಿ. ಸಿಂಧನೂರಲ್ಲಿ ಗದ್ದೆ ಗಾಳಿ, ನಿಮಗೇನು ಗೊತ್ತು?

ಬಳ್ಳಾರಿ ಕೌಲ್‌ಬಜಾರ್: ಬಿಸಿಲು ಅಂದರೆ ಬಳ್ಳಾರಿ ರೀ. ಗುಡ್ಡದ ಬಂಡೆ ಕಾದರೆ ರಾತ್ರಿಯೂ ಆರಲ್ಲ.

ರಾಯಚೂರು ಡೀಸೆಲ್: ನಿಮ್ಮ ಊರಿಗೆ ಬಂಡೆ ಒಂದಾದರೂ ಇದೆ, ನಮಗೆ ಥರ್ಮಲ್ ಬೂದಿ.

ಸಿಂಧನೂರು ಇಂಡಿಕಾ: ಗದ್ದೆ ಗಾಳಿ ಅಂತ ಹಗುರ ಮಾತಾಡಬೇಡಿ. ನೀವು ತಿನ್ನೋ ಸೋನಾ ಮಸೂರಿ ಎಲ್ಲಿಂದ ಬರುತ್ತೆ?

ಅಡ್ಮಿನ್: ವಿಷಯಕ್ಕೆ ಬನ್ನಿ ದಯವಿಟ್ಟು.

ಲಿಂಗಸುಗೂರು ಓಮ್ನಿ: ಸರ್, ಬೇರಿಂಗಿಗೆ ಇನ್ಶೂರೆನ್ಸ್ ಬರುತ್ತಾ?

ಕುಷ್ಟಗಿ ಹೊಸಬ: ಸರ್ ನನ್ನ ಗಾಡಿ 60ಕ್ಕೆ ಗುಂಯ್ ಅಂತದೆ, ಇಂಜಿನ್ನಾ ಚಕ್ರಾನಾ?

ಮಿಸ್ತ್ರಿ: ಮೇಲೆ ಓದಿ.

ಮಾನ್ವಿ ಟೀಚರ್: ಸುಮಾರಾಗಿ ಆದರೂ ಹೇಳಿ ಸರ್, ರೇಟು.

ಮಿಸ್ತ್ರಿ: ಹೇಳಿದೆನಲ್ಲ.

ರಾಯಚೂರು ಡೀಸೆಲ್: ಆದರೂ ಮಿಸ್ತ್ರಿ, ಆ ಎಣ್ಣೆ ಮದ್ದು ನಮ್ಮ ಮಾವನ ಗಾಡಿಗೆ ಕೆಲಸ ಮಾಡಿದೆ. ನೀವು ಗ್ಯಾರೇಜಿನವರು, ನಿಮಗೆ ಬೇಡವಾಗಿರಬಹುದು.

ಮಿಸ್ತ್ರಿ: ಹೌದು, ನನಗೆ ಬೇಡ. ಎಣ್ಣೆ ಹತ್ತಿದ ಪ್ಯಾಡ್ ಬಿಚ್ಚೋದು, ಅಪಘಾತ ಆದ ಗಾಡಿ ಎಳೆದು ತರೋದು ನನ್ನ ಕೈ ತಾನೇ? ಮಾವನ ಗಾಡಿ ತನ್ನಿ, ಚಕ್ರ ಬಿಚ್ಚಿ ತೋರಿಸುತ್ತೇನೆ. ಕೆಲವು ಹಳೇ ಗಾಡಿಗಳ ಹಿಂದಿನ ಚಕ್ರಕ್ಕೆ ಬಿಚ್ಚಿ ತೊಳೆದು ಗ್ರೀಸ್ ತುಂಬುವ ಬೇರಿಂಗ್ ಇರುತ್ತದೆ. ಅಲ್ಲಿಗೂ ಗ್ರೀಸೇ, ಸೀಮೆಎಣ್ಣೆ ಅಲ್ಲ. ನೈಟ್ರೋಜನ್ ಬೇಕಾದರೆ ಹಾಕಿಸಿ, ಬೇಡವಾದರೆ ಬಿಡಿ, ಬೇರಿಂಗಿಗೆ ಅದು ಸಂಬಂಧವೇ ಇಲ್ಲ.

ಗಂಗಾವತಿ ವ್ಯಾಗನ್ ಆರ್: ಸರ್, ಎತ್ತಿ ನೋಡಿದೆ. ಮೇಲೆ ಕೆಳಗೆ ಹಿಡಿದರೆ ಟಕ್ ಟಕ್. ಸ್ಪ್ರಿಂಗ್ ಮೇಲೆ ಕೈ ಇಟ್ಟರೆ ಜುಂ ಅಂತದೆ. ಬಸ್ಸಿಗೆ ಹೋಗುತ್ತೇವೆ. ಇಲ್ಲೇ ಪಕ್ಕದ ಗ್ಯಾರೇಜಿನಲ್ಲಿ ಸುತ್ತಿಗೆಯಲ್ಲಿ ಹೊಡೆದು ಅರ್ಧ ದಿನದಲ್ಲಿ ಕೂರಿಸುತ್ತೇನೆ ಅಂದರು. ಮಾಡಿಸಲಾ?

ಮಿಸ್ತ್ರಿ: ಸುತ್ತಿಗೆ ಬೇಡ. ಹೊಡೆತ ಗುಂಡಿನ ಮೂಲಕ ಹೋದರೆ ಹೊಸ ಬೇರಿಂಗಿನೊಳಗೆ ಗುಂಡು ಉರುಳುವ ಹಾದಿಯಲ್ಲಿ ಅವತ್ತೇ ಕಚ್ಚು ಬೀಳುತ್ತದೆ. ಕೊಪ್ಪಳದವರಂತೆ ಎರಡು ಸಲ ಹಾಕಿಸುತ್ತೀರಿ. ಬೇರಿಂಗ್ ಕೂರುವ ಭಾಗ (ಸ್ಟೀರಿಂಗ್ ನಕಲ್) ಬಿಚ್ಚಿ, ಪ್ರೆಸ್ ಅಂದರೆ ಒತ್ತುವ ಯಂತ್ರ ಇರುವ ಕಡೆ ಒತ್ತಿಸಬೇಕು. ಮಧ್ಯದ ನಟ್ ಹೊಸದು ಹಾಕಿಸಿ, ಅಳತೆ ನೋಡಿ ಬಿಗಿಸುವ ಟಾರ್ಕ್ ರೆಂಚಿನಲ್ಲೇ ಬಿಗಿಸಲಿ. ಹಳೇ ಬೇರಿಂಗ್ ಕೈಗೆ ಇಸಿದುಕೊಂಡು ತಿರುಗಿಸಿ ನೋಡಿ. ಹಬ್ ಸವೆದಿದ್ದರೆ ಅದನ್ನೂ ಬದಲಿಸಬೇಕು. ಗಾಡಿ ಎಳೆಸುವುದಾದರೆ ಮುಂದಿನ ಚಕ್ರ ಎತ್ತಿಯೇ ತರಲಿ. ಹಗ್ಗ ಕಟ್ಟಿ ಎಳೆದರೆ ಅದೇ ಚಕ್ರ ಉರುಳುತ್ತದೆ, ಓಡಿಸಿಕೊಂಡು ಬಂದಂತೆಯೇ.

ಕೊಪ್ಪಳ ಸ್ಯಾಂಟ್ರೋ: ನನ್ನ ಹೆಸರು ಯಾಕೆ ಎಳೀತೀರಿ ಅಣ್ಣ.

ಲಿಂಗಸುಗೂರು ಓಮ್ನಿ: ಸರ್, ಇನ್ಶೂರೆನ್ಸ್?

ಅಡ್ಮಿನ್: ಮಿಸ್ತ್ರಿ ಊಟಕ್ಕೆ ಎದ್ದರು.