ಈಸ್ಟರ್ ರಜೆಗೆ ಮಕ್ಕಳ ಜೊತೆ ಫ್ಲಾರೆನ್ಸ್: ಹೋಗಿ ಬಂದವರು ಸ್ವಲ್ಪ ಹೇಳಿ

ಮಲ್ನಾಡ್ ಮಗಳು

ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಯ ನ್ಯೂರೆಂಬರ್ಗ್‌ಗೆ ಬಂದು ಮೂರು ವರ್ಷ ಆಯ್ತು. ಈ ಈಸ್ಟರ್‌ಗೆ ಫ್ಲಾರೆನ್ಸ್‌ನಲ್ಲಿ ಮೂರು ರಾತ್ರಿ ಇರೋಣ ಅಂತ ಯೋಚನೆ. ಮಗಳಿಗೆ 8, ಮಗನಿಗೆ 4. ಅವನು ಎರಡು ಬೀದಿ ನಡೆದರೆ ಮೂರನೇ ಬೀದಿಗೆ "ಎತ್ಕೋ" ಅಂತಾನೆ. ಕಾರಾ, ರೈಲಾ? ಸ್ಟ್ರಾಲರ್ ಬೇಕಾ? ದೊಡ್ಡ ಚರ್ಚಿನ ಗುಮ್ಮಟ ಮಕ್ಕಳನ್ನು ಹತ್ತಿಸಬಹುದಾ? ಮನೆಯಲ್ಲಿ ಮೊಟ್ಟೆ ಕೂಡ ತಿನ್ನುವುದಿಲ್ಲ, ಊಟಕ್ಕೆ ಏನು ಮಾಡಿದಿರಿ?

ದಾವಣಗೆರೆ ಬೆಣ್ಣೆ

ಮೇಡಂ, ಕಾರು ಬೇಡ. ನನ್ನ ಕಥೆ ಕೇಳಿ, ಆಮೇಲೆ ನಿಮ್ಮಿಷ್ಟ.

ಹೋದ ವರ್ಷ ಮೇ ತಿಂಗಳು ಸ್ಟುಟ್‌ಗಾರ್ಟ್‌ನಿಂದ ಸ್ವಂತ ಕಾರಿನಲ್ಲಿ ಹೊರಟೆವು. ನಾಲ್ಕು ಜನ, ಡಿಕ್ಕಿ ತುಂಬಾ ಸಾಮಾನು, ರೈಲಿಗಿಂತ ಅಗ್ಗ ಅಂತ ಲೆಕ್ಕ. ಆಸ್ಟ್ರಿಯಾದ ಹೈವೇ ಸ್ಟಿಕ್ಕರ್‌ಗೆ ದುಡ್ಡು, ಬ್ರೆನ್ನರ್ ಘಾಟಿಗೆ ಬೇರೆ ದುಡ್ಡು, ಇಟಲಿ ಹೈವೇ ಟೋಲ್ ಮತ್ತೆ ಬೇರೆ. ಅದೆಲ್ಲ ಇರಲಿ. ಊರೊಳಗೆ ಬಂದಾಗ ಶುಕ್ರವಾರ ಮಧ್ಯಾಹ್ನ. ಫೋನ್ ಮ್ಯಾಪ್ "ಎಡಕ್ಕೆ" ಅಂತು, ನಾನು ಎಡಕ್ಕೆ ತಿರುಗಿಸಿದೆ. ಬೀದಿ ಬಾಯಲ್ಲಿ ಒಂದು ಲೈಟ್ ಬೋರ್ಡ್, "ವಾರ್ಕೋ ಅತ್ತೀವೋ" ಅಂತ ಕೆಂಪಗೆ ಉರಿಯುತ್ತಿತ್ತು. ಹೆಂಡತಿ ಓದಿ "ಆಕ್ಟಿವ್ ಅಂತೆ, ಗೇಟ್ ತೆರೆದಿದೆ, ಹೋಗಿ" ಅಂದಳು. ನನಗೂ ಹಾಗೇ ಅನ್ನಿಸಿತು. ಆಕ್ಟಿವ್ ಆಗಿದ್ದು ಕ್ಯಾಮೆರಾ! ಅದು ಪರ್ಮಿಟ್ ಇರುವ ಗಾಡಿಗಳಿಗೆ ಮಾತ್ರ ಬಿಡುವ ಜಾಗ, ಝಡ್‌ಟಿಎಲ್ ಅಂತಾರೆ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 7.30ರಿಂದ ರಾತ್ರಿ 8ರವರೆಗೆ.

ಒಂದು ಸಲ ಒಳಗೆ ಹೋದೆ. ಹೋಟೆಲ್ ಸಿಗದೆ ಹೊರಗೆ ಬಂದು ಇನ್ನೊಂದು ಬೀದಿಯಿಂದ ಮತ್ತೆ ಹೋದೆ. ಸಾಮಾನು ಇಳಿಸಿ ಪಾರ್ಕಿಂಗ್ ಹುಡುಕುತ್ತಾ ಮೂರನೇ ಸಲ. ಯಾರೂ ತಡೆಯಲಿಲ್ಲ, ಯಾರೂ ಸೀಟಿ ಊದಲಿಲ್ಲ. ಎಂಟು ತಿಂಗಳಾದ ಮೇಲೆ, ಈ ಜನವರಿಯಲ್ಲಿ, ಒಂದೇ ವಾರದಲ್ಲಿ ಮೂರು ರಿಜಿಸ್ಟರ್ ಕಾಗದ. ಒಂದೊಂದಕ್ಕೆ 110 ಯೂರೋ ಚಿಲ್ಲರೆ. ಕೈಗೆ ಬಂದ ಐದು ದಿನದೊಳಗೆ ಕಟ್ಟಿದರೆ 30% ಕಡಿಮೆ ಆಗುತ್ತಿತ್ತು. ನಾವು ತಂಗಿ ಮದುವೆಗೆ ಊರಿಗೆ ಹೋಗಿದ್ದೆವು. ಪಕ್ಕದ ಮನೆ ಅಜ್ಜಿ ಪಾಪ ಒಳ್ಳೆ ಮನಸ್ಸಿನಿಂದ ಮೂರಕ್ಕೂ ಸೈನ್ ಹಾಕಿ ತೆಗೆದುಕೊಂಡು, ಫ್ರಿಜ್ ಮೇಲೆ ಜೋಪಾನವಾಗಿ ಇಟ್ಟಿದ್ದರು. ಫ್ಲಾರೆನ್ಸ್ ಹೇಗಿತ್ತು ಅಂತ ಕೇಳಿದರೆ ನನಗೆ ಆ ಫ್ರಿಜ್ಜೇ ನೆನಪಾಗುತ್ತೆ.

ಹಾಸನ ಟು ಹ್ಯಾಂಬರ್ಗ್

ಸರ್, ಬೇಜಾರು ಮಾಡ್ಕೋಬೇಡಿ, ಇದು ಕಾರಿನ ತಪ್ಪಲ್ಲ. ಹೋಗುವ ಮುಂಚೆ ಹತ್ತು ನಿಮಿಷ ಓದಿದ್ದರೆ ಗೊತ್ತಾಗುತ್ತಿತ್ತು. ನಾವು ಎರಡು ಸಲ ಕಾರಿನಲ್ಲೇ ಹೋಗಿದ್ದೇವೆ, ಒಂದು ಪೈಸೆ ದಂಡ ಇಲ್ಲ. ಎ1 ಹೈವೇ ಮೇಲೇ ವಿಲ್ಲಾ ಕೊಸ್ತಾಂಜಾ ಅಂತ ಪಾರ್ಕಿಂಗ್ ಇದೆ. ಟೋಲ್ ಗೇಟ್ ದಾಟಿ ಊರಿಗೆ ಇಳಿಯುವುದೇ ಬೇಡ, ಹೈವೇಯಿಂದ ನೇರ ಒಳಗೆ. ಅಲ್ಲೇ ಟಿ1 ಟ್ರಾಮ್ ಶುರುವಾಗುತ್ತೆ, 20-25 ನಿಮಿಷಕ್ಕೆ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್. ಮಕ್ಕಳಿಗೆ ಟ್ರಾಮ್ ಅಂದರೆ ಖುಷಿ. ಬರುವಾಗ ಐದು ಲೀಟರ್ ಆಲಿವ್ ಎಣ್ಣೆ ಡಬ್ಬಿ ಎರಡು ತಂದೆವು. ರೈಲಿನಲ್ಲಿ ತರ್ತೀರಾ?

ದಾವಣಗೆರೆ ಬೆಣ್ಣೆ

ಓದಿಕೊಂಡು ಹೋಗುವವರಿಗೆ ದೊಡ್ಡ ನಮಸ್ಕಾರ. ಹಿಂದೆ ಎರಡು ಮಕ್ಕಳು "ಸೂಸೂ ಸೂಸೂ" ಅಂತ ಕಿರುಚುವಾಗ ಇಟಾಲಿಯನ್ ಬೋರ್ಡ್ ಓದಿ ನೋಡಿ ಸರ್.

ರೈಲು ಸೀಟು ಕಿಟಕಿ ಪಕ್ಕ

ಈ ಕಾರಿನ ಜಗಳ ಬಿಡಿ. ರೈಲು ಆರಾಮ. ಆರಾಮ ಅಂದೆ, ಆದರೆ ನಮಗೆ ಆಗಿದ್ದು ಬೇರೆ. ಮ್ಯೂನಿಕ್‌ನಿಂದ ಬೊಲೊನ್ಯಾಗೆ ಒಂದೇ ರೈಲು, ಅಲ್ಲಿ ಬದಲಾಯಿಸಿದರೆ ಫ್ಲಾರೆನ್ಸ್ ಮುಕ್ಕಾಲು ಗಂಟೆ ಕೂಡ ಇಲ್ಲ, ಬಹುಪಾಲು ಸುರಂಗದಲ್ಲೇ. ನಾನು ಬದಲಾಯಿಸಲು 14 ನಿಮಿಷ ಸಾಕು ಅಂದುಕೊಂಡೆ. ಮೊದಲ ರೈಲು 9 ನಿಮಿಷ ತಡ. ಉಳಿದದ್ದು ಐದು. ಬೊಲೊನ್ಯಾದಲ್ಲಿ ವೇಗದ ರೈಲಿನ ಪ್ಲಾಟ್‌ಫಾರ್ಮ್ ನೆಲದ ಕೆಳಗೆ, ಎಷ್ಟು ಕೆಳಗೆ ಅಂದರೆ ಎಸ್ಕಲೇಟರ್ ಇಳಿದು ಇನ್ನೊಂದು, ಅದು ಇಳಿದರೆ ಮತ್ತೊಂದು. ಸ್ಟ್ರಾಲರ್ ಇದ್ದದ್ದರಿಂದ ಲಿಫ್ಟ್ ಹುಡುಕಿದೆವು. ಲಿಫ್ಟ್ ಬಾಗಿಲು ತೆರೆದಾಗ ರೈಲಿನ ಬಾಲ ಕಾಣಿಸಿತು ಅಷ್ಟೇ. ಅಗ್ಗದ ಟಿಕೆಟ್, ಬದಲಿಸಲು ಆಗುವುದಿಲ್ಲ. ಮತ್ತೆ ಮೂರು ಟಿಕೆಟ್‌ಗೆ 96 ಯೂರೋ. ಮಗಳು ಆ ಪ್ಲಾಟ್‌ಫಾರ್ಮ್‌ನಲ್ಲೇ ವಾಂತಿ ಮಾಡಿದಳು, ನನ್ನ ಹತ್ತಿರ ಇದ್ದದ್ದು ಒಂದೇ ಟಿಶ್ಯೂ. ಒಂದೂವರೆ ಗಂಟೆ ಇಟ್ಟುಕೊಳ್ಳಿ ಮೇಡಂ, ಜಾಸ್ತಿ ಆಯ್ತು ಅಂತ ಯಾರಾದರೂ ನಕ್ಕರೆ ನಗಲಿ.

ಬನಶಂಕರಿ ಬಾಯ್

ಗುಮ್ಮಟ ಕೇಳಿದಿರಿ ಅಲ್ವಾ. 463 ಮೆಟ್ಟಿಲು, ಲಿಫ್ಟ್ ಇಲ್ಲ. ದೊಡ್ಡವರಿಗೆ ತಲಾ 30 ಯೂರೋ ಪಾಸ್, ಸಮಯ ಮೊದಲೇ ನಿಗದಿ, ಆಮೇಲೆ ಬದಲಿಸುವ ಹಾಗಿಲ್ಲ. ಬ್ರುನೆಲ್ಲೆಸ್ಕಿ 1420ರಲ್ಲಿ ಶುರು ಮಾಡಿ 1436ಕ್ಕೆ ಮುಗಿಸಿದ ಗುಮ್ಮಟ, ಕೆಳಗಿಂದ ಮರದ ಆಸರೆ ಕೊಡದೆ ಕಟ್ಟಿದ್ದು. ಒಳಗೊಂದು ಚಿಪ್ಪು, ಹೊರಗೊಂದು ಚಿಪ್ಪು, ನಾವು ಹತ್ತುವುದು ಎರಡರ ನಡುವೆ. ಇಂಜಿನಿಯರ್ ಆಗಿ ನನಗೆ ಅದು ತೀರ್ಥಯಾತ್ರೆ. ಹೆಂಡತಿ "ನಾಲ್ಕೂವರೆ ವರ್ಷದ ಹುಡುಗ, ಬೇಡ" ಅಂದಳು. ನಾನು ಕೇಳಲಿಲ್ಲ.

ಮೊದಲ ನೂರೈವತ್ತು ಮೆಟ್ಟಿಲು ಅವನು ನನಗಿಂತ ಜೋರು. ಆಮೇಲೆ ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತು ಹಾಕುವ ಕಿರಿದಾದ ಓಣಿ ಬರುತ್ತೆ. ತಲೆ ಮೇಲೇ ವಸಾರಿ ಶುರು ಮಾಡಿ ಜುಕ್ಕಾರಿ ಮುಗಿಸಿದ ಚಿತ್ರ, ಕೊನೆಯ ತೀರ್ಪಿನ ದಿನ. ನೆಲದಿಂದ ನೋಡಿದರೆ ಬಣ್ಣ ಬಣ್ಣವಾಗಿ ಚೆಂದ. ಆ ಓಣಿಯಲ್ಲಿ ನಿಂತರೆ ನರಕ ಮುಖದ ಹತ್ತಿರ. ರಾಕ್ಷಸರು ಜನರನ್ನು ಎಳೆದುಕೊಂಡು ಹೋಗ್ತಿದ್ದಾರೆ, ಒಬ್ಬೊಬ್ಬರೂ ಬಸ್ಸಿನಷ್ಟು ದೊಡ್ಡವರು. ಹುಡುಗ ಕಣ್ಣು ಮುಚ್ಚಿ ನನ್ನ ಕಾಲು ಹಿಡಿದು ಕೂತುಬಿಟ್ಟ. ಹಿಂದೆ ಮೂವತ್ತು ಜನ. ವಾಪಸ್ ಇಳಿಯಲು ದಾರಿ ಇಲ್ಲ, ಮುಂದೆಯೇ ಹೋಗಬೇಕು. ಹದಿನೆಂಟು ಕಿಲೋ ಮಗುವನ್ನು ಎದೆಗೆ ಒತ್ತಿಕೊಂಡು, ಭುಜ ತಾಗುವಷ್ಟು ಇಕ್ಕಟ್ಟಿನ ಮೆಟ್ಟಿಲಲ್ಲಿ ಉಳಿದದ್ದನ್ನು ಹತ್ತಿದೆ. ಮೇಲೆ ಹೋಗಿ ನೋಡಿದ್ದು ಏನು ಅಂತ ಕೇಳಬೇಡಿ. ಮೂರು ವಾರ ಅವನು ಒಬ್ಬನೇ ಬಾತ್‌ರೂಮ್‌ಗೆ ಹೋಗಲಿಲ್ಲ. ಆದರೂ ಹೇಳ್ತೇನೆ, ಹತ್ತಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

ತುಂಗಾ ತೀರ

ನಿಮಗೆ ಇಲ್ಲದಿರಬಹುದು, ನಿಮ್ಮ ಹೆಂಡತಿಯನ್ನು ಕೇಳಿ ಸರ್.

ನಮ್ಮದು ಉಫೀತ್ಸಿ ಚಿತ್ರ ಮ್ಯೂಸಿಯಂ ಪ್ರಸಂಗ. ಟಿಕೆಟ್ 25 ಯೂರೋ, ಬುಕಿಂಗ್‌ಗೆ 4. 18ರ ಒಳಗಿನವರಿಗೆ ಟಿಕೆಟ್ ಫ್ರೀ, ಆದರೆ ಬುಕ್ ಮಾಡಿದರೆ ಆ 4 ಯೂರೋ ಮಕ್ಕಳಿಗೂ ಬೀಳುತ್ತೆ. ಒಟ್ಟು 66 ಕೊಟ್ಟು ಒಳಗೆ ಹೋದೆವು. ಬೊತ್ತಿಚೆಲ್ಲಿ ಚಿತ್ರಗಳ ಕೋಣೆಗೆ ಬರುವ ಹೊತ್ತಿಗೆ ದೊಡ್ಡವಳು ನೆಲದ ಮೇಲೆ ಕೂತಾಗಿತ್ತು, ಚಿಕ್ಕವನು "ಇವರೆಲ್ಲ ಯಾಕೆ ಬಟ್ಟೆ ಹಾಕಿಲ್ಲ" ಅಂತ ಕನ್ನಡದಲ್ಲಿ ಜೋರಾಗಿ ಕೇಳ್ತಿದ್ದ. ಪುಣ್ಯಕ್ಕೆ ಯಾರಿಗೂ ಅರ್ಥ ಆಗಲ್ಲ ಅಂದುಕೊಂಡರೆ ಹಿಂದಿನಿಂದ ಒಬ್ಬರು "ಎಲ್ಲಿಂದ ಬಂದಿದ್ದೀರಿ, ಧಾರವಾಡದವರಾ?" ಅಂದರು.

ನಲವತ್ತು ನಿಮಿಷಕ್ಕೆ ಹೊರಗೆ. ಹಿಂದೆಯೇ ನದಿ ಪಕ್ಕ ಗೆಲಿಲಿಯೋ ಮ್ಯೂಸಿಯಂ ಇದೆ, ಸುಮ್ನೆ ಹೋದೆವು. ಅಲ್ಲಿ ಗೆಲಿಲಿಯೋನ ಬೆರಳು ಇಟ್ಟಿದ್ದಾರೆ, ನಿಜವಾದ ಬೆರಳು, ಮೊಟ್ಟೆ ಆಕಾರದ ಗಾಜಿನೊಳಗೆ ನೆಟ್ಟಗೆ ನಿಂತಿದೆ. ಸತ್ತಿದ್ದು 1642ರಲ್ಲಿ, 1737ರಲ್ಲಿ ದೇಹವನ್ನು ಸಾಂತಾ ಕ್ರೋಚೆ ಚರ್ಚಿನೊಳಗೆ ಹೊಸ ಸಮಾಧಿಗೆ ಸಾಗಿಸುವಾಗ ಯಾರೋ ಅಭಿಮಾನಿ ಕಿತ್ತುಕೊಂಡಿದ್ದು. ನನ್ನ ಮಕ್ಕಳು ಆ ಗಾಜಿನ ಮುಂದೆ ಅರ್ಧ ಗಂಟೆ. "ಉಗುರು ಇದೆಯಾ ಅಮ್ಮಾ?" "ಯಾವ ಬೆರಳು ಅಮ್ಮಾ?" ಮಧ್ಯದ ಬೆರಳು ಅಂತ ದೊಡ್ಡವಳಿಗೆ ಗೊತ್ತಾದ ಮೇಲೆ ಆದ ಗಲಾಟೆ ನಾನು ಇಲ್ಲಿ ಬರೆಯುವುದಿಲ್ಲ.

ಸಾರುಪುಡಿ

ಊಟದ ವಿಷಯ ಯಾರೂ ಎತ್ತಲಿಲ್ಲ, ನಾನು ಹೇಳ್ತೇನೆ. ತಂಗೀ, ಮೊಟ್ಟೆ ತಿನ್ನಲ್ಲ ಅಂದರೆ ಹೋಟೆಲಿನಲ್ಲಿ "ನಮ್ಮಲ್ಲೇ ಮಾಡಿದ ಫ್ರೆಶ್ ಪಾಸ್ತಾ" ಅಂದ ಕೂಡಲೇ ಬೇಡ ಅನ್ನು. ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ. ಒಣ ಪಾಸ್ತಾ ಬರೀ ರವೆ, ಅದು ಪರವಾಗಿಲ್ಲ. ಇನ್ನು ಪಾರ್ಮೆಸನ್ ಚೀಸ್. ಅಸಲಿ ಪಾರ್ಮಿಜಾನೋಗೆ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದದ್ದು. ನಾನು ಆರು ವರ್ಷ ತಿಂದ ಮೇಲೆ ಗೊತ್ತಾಯ್ತು. ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ನಾವು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಂಡೆವು, ನದಿಯ ಆಚೆ ದಂಡೆಯಲ್ಲಿ, ಸಾನ್ ಫ್ರೆದಿಯಾನೋ ಕಡೆ. ಕುಕ್ಕರ್, ಸೋನಾ ಮಸೂರಿ, ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ ಎಲ್ಲ ಹೊತ್ತುಕೊಂಡು ಹೋಗಿದ್ದೆ. ಮೊದಲ ದಿನ ಎಲೆಕ್ಟ್ರಿಕ್ ಕುಕ್ಕರ್ ಇಟ್ಟು, ಒಲೆ ಹಚ್ಚಿ, ಮಗಳ ಕೂದಲಿಗೆ ಡ್ರೈಯರ್ ಹಿಡಿದೆ. ಟಪ್ ಅಂತ ಇಡೀ ಮನೆ ಕತ್ತಲೆ. ಅಲ್ಲಿನ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವಾಟ್ ಮಾತ್ರ ಕರೆಂಟು. ಮೀಟರ್ ಕೆಳಗೆ ಬೀಗದ ಪೆಟ್ಟಿಗೆಯಲ್ಲಿ, ಬೀಗದ ಕೈ ಮನೆಯವರ ಹತ್ತಿರ, ಅವರು ಸಮುದ್ರ ತೀರಕ್ಕೆ ಹೋಗಿದ್ದರು. ಅನ್ನ ಅರ್ಧ ಬೆಂದು ನಿಂತಿತ್ತು. ಮೊಬೈಲ್ ಲೈಟಿನಲ್ಲಿ ಉಪ್ಪಿಲ್ಲದ ಬ್ರೆಡ್ ಮತ್ತು ಉಪ್ಪಿನಕಾಯಿ ತಿಂದೆವು. ಅಲ್ಲಿಯ ಬ್ರೆಡ್‌ಗೆ ನಿಜವಾಗಿಯೂ ಉಪ್ಪು ಹಾಕುವುದಿಲ್ಲ. ಉಪ್ಪಿನಕಾಯಿ ಜೊತೆ ಹೇಳಿ ಮಾಡಿಸಿದ ಹಾಗಿತ್ತು, ಅದು ಬೇರೆ ವಿಷಯ.

ಹಾಸನ ಟು ಹ್ಯಾಂಬರ್ಗ್

ಕ್ಷಮಿಸಿ ಅಕ್ಕ, ಫ್ಲಾರೆನ್ಸ್‌ಗೆ ಹೋಗಿ ಅನ್ನ ಸಾರು ಬೇಯಿಸುವುದಾದರೆ ಹೋಗೋದ್ಯಾಕೆ? ಪಪ್ಪಾ ಅಲ್ ಪೊಮೊದೊರೋ ಅಂತ ಇದೆ, ಟೊಮೆಟೋ, ಹಳೇ ಬ್ರೆಡ್, ಬೆಳ್ಳುಳ್ಳಿ, ತುಳಸಿ. ಚೀಸ್ ಬೇಡ ಅಂದರೆ ಹಾಕಲ್ಲ. ನಮ್ಮ ಮಕ್ಕಳು ತಟ್ಟೆ ನೆಕ್ಕಿದರು. ಮಕ್ಕಳಿಗೆ ನಾವು ಅಭ್ಯಾಸ ಮಾಡಿಸಬೇಕು.

ಸಾರುಪುಡಿ

ನಿಮ್ಮ ಮಕ್ಕಳು ತಿಂದರು, ಸಂತೋಷ. ನನ್ನ ಮಗ ಎರಡು ದಿನ ಉಪವಾಸ ಬಿದ್ದು ಮೂರನೇ ದಿನ ಜ್ವರ ಬಂದಾಗ ನಾನು ಎದ್ದು ಕೂತಿದ್ದೆ, ನೀವಲ್ಲ. ಐದು ಲೀಟರ್ ಎಣ್ಣೆ ಡಬ್ಬಿ ಹೊತ್ತು ತರುವವರು ಎರಡು ಕಿಲೋ ಅಕ್ಕಿ ಹೊತ್ತು ಹೋದವರಿಗೆ ಬುದ್ಧಿ ಹೇಳಬಾರದು.

ಕೋಲಾರ ಗಡಿಯಿಂದ

ಪೀಸಾ ಯಾರೂ ಹೇಳಲಿಲ್ಲ. ರೈಲಿನಲ್ಲಿ ಒಂದು ಗಂಟೆ, ಎಲ್ಲರೂ ಒಂದು ದಿನ ಹೋಗಿ ಬರುತ್ತಾರೆ. ನಾವೂ ಹೋದೆವು. ವಾಲಿದ ಗೋಪುರಕ್ಕೆ 8 ವರ್ಷದ ಒಳಗಿನ ಮಕ್ಕಳನ್ನು ಬಿಡುವುದಿಲ್ಲ. ದೊಡ್ಡವರು ಜೊತೆಗಿದ್ದರೂ ಇಲ್ಲ, ಎತ್ತಿಕೊಂಡರೂ ಇಲ್ಲ. ನಾನು ನಾಲ್ಕು ಟಿಕೆಟ್ ತಲಾ 20ರಂತೆ ಮೊದಲೇ ತೆಗೆದಿದ್ದೆ. ನಿಯಮ ಅದೇ ಪುಟದಲ್ಲಿತ್ತು, ನಾನೇ ನೋಡಲಿಲ್ಲ. ಚಿಕ್ಕವಳಿಗೆ 6. ನಾನು ಅವಳ ಜೊತೆ ಹುಲ್ಲಿನ ಮೇಲೆ ಕೂತೆ, ಅವಳು ಒಂದೂಕಾಲು ಗಂಟೆ ಅತ್ತಳು. ಸುತ್ತಲೂ ಇನ್ನೂರು ಜನ ಗೋಪುರ ತಳ್ಳುವ ಹಾಗೆ ಗಾಳಿಗೆ ಕೈ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. 40 ಯೂರೋ ನೀರುಪಾಲು, ನನ್ನದು 20, ಅವಳದು 20.

ಬನಶಂಕರಿ ಬಾಯ್

8 ಅಂತ ಹೇಳಬೇಕಿತ್ತು ಗುರು.

ಕೋಲಾರ ಗಡಿಯಿಂದ

ಮಗು ಎದುರಿಗೇ ಸುಳ್ಳು ಹೇಳಲಾ? ಅವಳು ಅಲ್ಲೇ "ನನಗೆ ಆರು" ಅಂತ ಬೆರಳು ತೋರಿಸ್ತಾಳೆ. ನರಕದ ಚಿತ್ರದ ಕೆಳಗೆ ಮಗುವನ್ನು ಕೂರಿಸಿ ಬಂದವರ ಸಲಹೆ ನನಗೆ ಬೇಡ.

ಘಟಪ್ರಭಾ

ಜಗಳದ ಮಧ್ಯೆ ಒಂದು ಮಾತು. ಈಸ್ಟರ್ ಅಂದಿರಿ ಮೇಡಂ, ಭಾನುವಾರ ದೊಡ್ಡ ಚರ್ಚಿನ ಮುಂದೆ ಏನು ನಡೆಯುತ್ತೆ ಗೊತ್ತಾ? ತೇರು. ಸುಳ್ಳಲ್ಲ, ನಮ್ಮೂರ ತೇರಿನ ಹಾಗೇ ಅಂತಸ್ತು ಅಂತಸ್ತಾಗಿ ಎತ್ತರ, ಕೊಂಬಿಗೆ ಹೂವು ಕಟ್ಟಿದ ಬಿಳಿ ಎತ್ತುಗಳು ಎಳೆದು ತರುತ್ತವೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚರ್ಚಿನ ಒಳಗಿಂದ ತಂತಿ ಮೇಲೆ ಒಂದು ಪಾರಿವಾಳದ ಆಕಾರದ ರಾಕೆಟ್ ಸುಂಯ್ ಅಂತ ಬಂದು ತೇರಿಗೆ ತಾಗಿ, ಇಡೀ ತೇರು ಪಟಾಕಿ. ಪಾರಿವಾಳ ಸರಿಯಾಗಿ ಹೋಗಿ ವಾಪಸ್ ಬಂದರೆ ಆ ವರ್ಷ ಬೆಳೆ ಚೆನ್ನಾಗಿ ಆಗುತ್ತೆ ಅಂತ ನಂಬಿಕೆ. ನಾನು ಎತ್ತು ನೋಡಿ ಕಣ್ಣೀರು ಹಾಕಿದೆ, ಹೆಂಡತಿ ನಕ್ಕಳು. ನಾವು ಒಂಬತ್ತಕ್ಕೇ ಹೋಗಿ ನಿಂತೆವು. ನಿಮ್ಮ ನಾಲ್ಕು ವರ್ಷದವನಿಗೆ ಕಿವಿ ಮುಚ್ಚುವ ಹೆಡ್‌ಫೋನ್ ತಗೊಳ್ಳಿ. ನಮ್ಮವನು ಆ ಶಬ್ದಕ್ಕೆ ಪ್ಯಾಂಟಲ್ಲೇ ಮಾಡಿಕೊಂಡ. ಬೇರೆ ಪ್ಯಾಂಟು ಹೋಟೆಲಿನಲ್ಲಿತ್ತು, ಹೋಟೆಲ್ ಆ ಗುಂಪಿನ ಆ ಕಡೆ.

ಮಲ್ನಾಡ್ ಮಗಳು

ಎಲ್ಲರಿಗೂ ಥ್ಯಾಂಕ್ಸ್. ರೈಲು ಬುಕ್ ಆಯ್ತು, ಬೊಲೊನ್ಯಾದಲ್ಲಿ ಒಂದು ಗಂಟೆ ನಲವತ್ತು ನಿಮಿಷ. ಗುಮ್ಮಟ ಇಲ್ಲ, ಬೆರಳು ಇದೆ. ಸ್ಟ್ರಾಲರ್ ಬಗ್ಗೆ ಯಾರೂ ಹೇಳಲಿಲ್ಲ ಆದರೆ.

ರೈಲು ಸೀಟು ಕಿಟಕಿ ಪಕ್ಕ

ತಗೊಂಡು ಹೋಗಿ, ಆದರೆ ಹಗುರದ್ದು. ಬೀದಿಗೆಲ್ಲ ಕಲ್ಲು ಹಾಸು, ನಮ್ಮದರ ಮುಂದಿನ ಚಕ್ರ ಎರಡನೇ ದಿನ ಪೊಂತೆ ವೆಕ್ಕಿಯೋ ಸೇತುವೆ ಮೇಲೆ ಕಳಚಿತು. ಚಿನ್ನದ ಅಂಗಡಿ ಸಾಲಿನಲ್ಲಿ ಮಂಡಿಯೂರಿ ನಟ್ಟು ಹುಡುಕಿದ್ದೇನೆ.

ದಾವಣಗೆರೆ ಬೆಣ್ಣೆ

ಇವತ್ತು ಬೆಳಿಗ್ಗೆ ನಾಲ್ಕನೇ ಕಾಗದ ಬಂತು. ಶುಕ್ರವಾರ ಸಂಜೆ 7.52, ಹಾಲು ತರಲು ಹೋದಾಗ. ಎಂಟು ನಿಮಿಷ ತಡ ಮಾಡಿದ್ದರೆ ಇರಲಿಲ್ಲ. ಈ ಸಲ ಮನೆಯಲ್ಲೇ ಇದ್ದೇನೆ, ಐದು ದಿನದೊಳಗೆ ಕಟ್ಟುತ್ತೇನೆ.