ಗುಂಪಿನ ಕನೂ ಪ್ರವಾಸದಲ್ಲಿ ಎಲ್ಲರಿಗಿಂತ ಮೊದಲು ಎಚ್ಚರವಾದರೆ ಏನು ಮಾಡುತ್ತೀರಿ?

ಕೇಳಿದ್ದು: ಡಿಸೆಂಬರ್ ಕೊನೆಗೆ ನಾವು ಎಂಟು ಜನ ಗೆಳೆಯರು ನಾಲ್ಕು ಕನೂಗಳಲ್ಲಿ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಕೊಡಗಿನ ಹಾರಂಗಿ ಅಣೆಕಟ್ಟೆಯ ಹಿನ್ನೀರಿಗೆ ಹೊರಟಿದ್ದೇವೆ. ನೀರಾವರಿ ನಿಗಮದ ಅನುಮತಿ ಸಿಕ್ಕಿದೆ. ರಾತ್ರಿ ದಡದ ಒಂದು ಕಾಫಿ ತೋಟದಲ್ಲಿ, ಮಾಲೀಕರನ್ನು ಕೇಳಿಯೇ ಟೆಂಟ್ ಹಾಕುತ್ತೇವೆ. ನನಗೆ ಐದಕ್ಕೇ ಎಚ್ಚರವಾಗುತ್ತದೆ, ಉಳಿದವರು ಎಂಟಕ್ಕೆ ಮೊದಲು ಏಳುವುದಿಲ್ಲ. ಯಾರ ನಿದ್ದೆಯನ್ನೂ ಕೆಡಿಸದೆ ಆ ಹೊತ್ತು ಹೇಗೆ ಕಳೆಯಲಿ? ಒಬ್ಬಳೇ ಕನೂ ತೆಗೆದುಕೊಂಡು ಒಂದು ಸುತ್ತು ಹೋಗಿ ಬರಬಹುದಾ?

ಸೋಮವಾರಪೇಟೆಯಿಂದ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ ಅಕ್ಕಾ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲಿನ ಹತ್ತಿರ. ಆದರೂ ಮಂಜು ಕೂಡಲೇ ಹೋಗುವುದಿಲ್ಲ. ಇಬ್ಬರು ಕೂರುವ ಕನೂನಲ್ಲಿ ಹಿಂದೆ ಒಬ್ಬರೇ ಕೂತರೆ ಮೂತಿ ಮೇಲೇಳುತ್ತದೆ, ಸ್ವಲ್ಪ ಗಾಳಿ ಬಂದರೂ ತಿರುಗಿಬಿಡುತ್ತದೆ. ಮಂಜಿನಲ್ಲಿ ಎರಡು ಸಲ ತಿರುಗಿದರೆ ನೀವು ಹೊರಟ ದಡ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಹೋಗಲೇಬೇಕು ಅನಿಸಿದರೆ ಇನ್ನೊಬ್ಬರನ್ನು ಹಿಂದಿನ ರಾತ್ರಿಯೇ ಒಪ್ಪಿಸಿ. ಎದುರು ದಡದ ಮರಗಳು ಕಾಣುವವರೆಗೆ ಕಾಯಿರಿ. ಲೈಫ್ ಜಾಕೆಟ್ ಹಾಕುವ ಮೊದಲು ಚೆನ್ನಾಗಿ ಕೊಡವಿ, ರಾತ್ರಿ ಹೊರಗೆ ಬಿಟ್ಟಿದ್ದರೆ ಒಳಗೆ ಕಪ್ಪೆಯೋ ಚೇಳೋ ಸೇರಿಕೊಂಡಿರಬಹುದು.

ಸಿದ್ದಾಪುರದಿಂದ: ನೀರಿನ ವಿಷಯ ಅವರು ಹೇಳಿದರು, ನಾನು ದಡದ ವಿಷಯ ಹೇಳುತ್ತೇನೆ. ಕೊಡಗಿನ ತೋಟ ಅಂದರೆ ಆನೆ ಓಡಾಡುವ ಜಾಗ. ಡಿಸೆಂಬರಿನಲ್ಲಿ ಕಾಫಿ ಹಣ್ಣಾಗಿರುತ್ತದೆ, ಅದನ್ನೂ ತಿನ್ನುತ್ತವೆ. ಬೆಳಗ್ಗೆ ಕೆಲಸಕ್ಕೆ ಹೊರಟವರ ಮೇಲೆ ಆನೆ ಬಿದ್ದ ಸುದ್ದಿ ನಮ್ಮ ಕಡೆ ಹೊಸದೇನಲ್ಲ. ಆನೆಗಳು ಈಗ ಯಾವ ಕಡೆ ಇವೆ ಅಂತ ಸಂಜೆಯೇ ತೋಟದವರನ್ನು ಕೇಳಿ. ಹೊಸ ಲದ್ದಿ ಕಂಡರೆ, ಅಥವಾ ನೀರಿಗೆ ಇಳಿಯುವ ಅಗಲವಾದ ತುಳಿದ ದಾರಿ ಕಂಡರೆ ಅಲ್ಲಿ ಟೆಂಟ್ ಹಾಕಲೇಬೇಡಿ. ಅಕ್ಕಿ, ಉಪ್ಪು, ಹಣ್ಣು ಟೆಂಟಿನೊಳಗೆ ಇಟ್ಟುಕೊಳ್ಳಬೇಡಿ.

ಬೆಳಗ್ಗೆ ಹೊರಬಂದ ಕೂಡಲೇ ನಡೆಯಲು ಶುರುಮಾಡಬೇಡಿ. ನಿಂತು, ಟಾರ್ಚ್ ಒಂದು ಸುತ್ತು ಹಾಕಿ, ಸ್ವಲ್ಪ ಹೊತ್ತು ಕಿವಿಗೊಡಿ. ಕೊಂಬೆ ಮುರಿಯುವ ಸದ್ದು ಬಂದರೆ ನಿದ್ದೆ ಕೆಡುತ್ತದೆ ಅನ್ನುವ ದಾಕ್ಷಿಣ್ಯ ಬಿಟ್ಟು ಎಲ್ಲರನ್ನೂ ಎಬ್ಬಿಸಿ! ಬೆಳಕು ಹರಿಯುವವರೆಗೆ ಟೆಂಟಿನ ಪಕ್ಕದಲ್ಲೇ ಕೂತಿರುವುದು ವಾಸಿ.

ಮಡಿಕೇರಿಯಿಂದ: ಇಬ್ಬರೂ ಸೇರಿ ಹೆದರಿಸಿಬಿಟ್ಟಿದ್ದೀರಿ. ಅಕ್ಕಾ, ಹೇಳಿದ್ದೆಲ್ಲ ಸರಿಯೇ, ಆದರೆ ಆ ಹೊತ್ತು ಬಿಡಬೇಡಿ. ಗುಂಪಿನಲ್ಲಿ ಹೋದಾಗ ನಮಗೆ ಅಂತ ಸಿಗುವ ಸಮಯ ಅದೊಂದೇ. ಆಮೇಲೆ ದಿನವಿಡೀ ಯಾರ ಹುಟ್ಟು ಎಲ್ಲಿ, ಯಾರು ಹಿಂದೆ ಬಿದ್ದರು ಅನ್ನುವುದೇ ಆಗುತ್ತದೆ.

ಬೆಳಗ್ಗೆ ಸದ್ದಾಗಬಾರದು ಅಂದರೆ ರಾತ್ರಿಯೇ ತಯಾರಾಗಿ. ನಾನು ಮಲಗುವ ಮೊದಲೇ ಬೆಲ್ಲದ ಕಾಫಿ ಕಾಯಿಸಿ ಫ್ಲಾಸ್ಕಿಗೆ ಹಾಕಿಡುತ್ತೇನೆ. ಹಾಲಿಲ್ಲದ್ದರಿಂದ ಕೆಡುವುದಿಲ್ಲ. ಒಳ್ಳೆಯ ಫ್ಲಾಸ್ಕಾದರೆ ಐದಕ್ಕೂ ಬಿಸಿ ಇರುತ್ತದೆ. ಚಳಿ ಅಂತ ಟೆಂಟಿನೊಳಗೆ ಸ್ಟೌವ್ ಹಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ವಿಷದ ಹೊಗೆ ಕಣ್ಣಿಗೆ ಕಾಣುವುದಿಲ್ಲ. ಸ್ವೆಟರ್, ಟೋಪಿ, ಟಾರ್ಚ್ ಎಲ್ಲ ಒಂದು ಬಟ್ಟೆ ಚೀಲದಲ್ಲಿ ತಲೆಯ ಹತ್ತಿರ ಇರಲಿ. ಪ್ಲಾಸ್ಟಿಕ್ ಕವರಿನಷ್ಟು ಸದ್ದು ಮಾಡುವ ವಸ್ತು ಬೇರೆ ಇಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಬೆಳಗಿನ ಜಾವ ನೀರಿನ ಮೇಲೆ ತಣ್ಣನೆ ಗಾಳಿ ಕೂತಿರುತ್ತದೆ, ಅದರ ಮೇಲಿನದು ಸ್ವಲ್ಪ ಬೆಚ್ಚಗಿರುತ್ತದೆ. ಆಗ ಸದ್ದು ಮೇಲಕ್ಕೆ ಚದುರದೆ ಕೆಳಕ್ಕೇ ಬಾಗಿ ದೂರ ಹೋಗುತ್ತದೆ. ಹುಟ್ಟು ಕನೂಗೆ ತಗುಲಿದರೆ ಆಚೆ ದಡಕ್ಕೂ ಕೇಳಿಸುತ್ತದೆ. ಇದರಿಂದ ನಮಗೆ ಲಾಭವೂ ಇದೆ. ಆಚೆ ದಡದ ಕಾಡುಕೋಳಿ ಪಕ್ಕದಲ್ಲೇ ಕೂಗಿದ ಹಾಗಿರುತ್ತದೆ. ಸುಮ್ನೆ ಕೂತರೆ ಬೆಳಕು ಬರುವ ಮೊದಲೇ ಹಕ್ಕಿಗಳ ಕೂಗು ಒಂದೊಂದಾಗಿ ಶುರುವಾಗುತ್ತವೆ. ಮಂಗಟ್ಟೆ ಹಕ್ಕಿಯ ನಗುವಂಥ ಕೂಗು ಕೇಳಿಸುವುದು ಬೆಳಕಾದ ಮೇಲೆ. ನೀರುಕಾಗೆ ಬಂದು ಒಣ ಬೊಡ್ಡೆಯ ಮೇಲೆ ರೆಕ್ಕೆ ಹರಡಿ ಕೂರುವುದು ಇನ್ನೂ ತಡವಾಗಿ. ನೀರುನಾಯಿ ಕಂಡರೆ ನಿಮ್ಮ ಅದೃಷ್ಟ. ಕಾಣದಿದ್ದರೂ ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಸಿಗಬಹುದು. ಫೋಟೋ ತೆಗೆಯುವುದಾದರೆ ಫ್ಲ್ಯಾಶ್ ಆಫ್ ಮಾಡಿ, ಟೆಂಟಿನೊಳಗಿನವರೂ ಎದ್ದುಬಿಡುತ್ತಾರೆ.

ಮತ್ತೆ ಊಟದ ಹೊತ್ತಿಗೇ ಎಲ್ಲರ ಮುಂದೆ ಹೇಳಿಬಿಡಿ: ಏಳರವರೆಗೆ ಸ್ಪೀಕರ್ ಇಲ್ಲ, ಜೋರು ಮಾತಿಲ್ಲ. ಬೆಳಗ್ಗೆ ಹೇಳಿದರೆ ಜಗಳ, ರಾತ್ರಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ.

ಕುಶಾಲನಗರದಿಂದ: ಹಿನ್ನೀರಿನವರಿಗೆ ಇದು ಬೇಕಾಗುವುದಿಲ್ಲ, ಹೊಳೆಯಲ್ಲಿ ಹೋಗುವವರಿಗೆ ಬರೆಯುತ್ತಿದ್ದೇನೆ. ಭಾಗಮಂಡಲದ ಕಡೆ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ಕಾವೇರಿ ಏರುತ್ತದೆ. ಹಾರಂಗಿ ಅಣೆಕಟ್ಟೆಯ ಕೆಳಗೆ ನೀರು ಬಿಟ್ಟರೂ ಅಷ್ಟೇ, ಕೂಡಿಗೆ ಹತ್ತಿರ ಎರಡೂ ಸೇರುತ್ತವೆ. ಸಂಜೆ ನೀರಿನಂಚಿಗೆ ಒಂದು ಕೋಲು ನೆಡಿ. ಮೊದಲು ಎದ್ದವರ ಮೊದಲ ಕೆಲಸ ಆ ಕೋಲು ನೋಡುವುದು. ಕನೂಗಳನ್ನು ಮೇಲಕ್ಕೆ ಎಳೆದು, ಮಗುಚಿ, ಮರಕ್ಕೆ ಕಟ್ಟಿರಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಬ್ಬಳೇ ಹೋಗುವ ಯೋಚನೆ ಬಿಟ್ಟೆ. ಟೆಂಟನ್ನು ನೀರಿನ ಪಕ್ಕದಲ್ಲೇ ಹಾಕೋಣ ಅಂತ ಉಳಿದವರ ಹಟ, ಅದಕ್ಕೇನು ಹೇಳುತ್ತೀರಿ?

ಮಡಿಕೇರಿಯಿಂದ: ಸ್ವಲ್ಪ ಮೇಲೆ ಹಾಕಿ ಅನ್ನಿ. ರಾತ್ರಿ ತಣ್ಣನೆ ಗಾಳಿ ಇಳಿಜಾರಿನಲ್ಲಿ ಇಳಿದು ನೀರಿನ ಹತ್ತಿರ ತುಂಬಿಕೊಳ್ಳುತ್ತದೆ. ಕೆಳಗೆ ಹಾಕಿದ ಟೆಂಟ್ ಒಳಗೂ ಹೊರಗೂ ತೊಯ್ದು ಹೋಗುತ್ತದೆ. ಒಣಗಲು ಬೆಳಗ್ಗೆ ಹತ್ತರ ಹೊತ್ತಿನ ಬಿಸಿಲು ಬೇಕು, ಅಲ್ಲಿಯವರೆಗೆ ನೀವು ಹೊರಡುವ ಹಾಗಿಲ್ಲ. ಒದ್ದೆ ಟೆಂಟನ್ನೇ ಸುತ್ತಿ ಕನೂಗೆ ತುಂಬಿದರೆ ಭಾರವೂ ಜಾಸ್ತಿ, ಮರುದಿನ ವಾಸನೆ ಬೇರೆ.