ವಿಮಾನ ಡಿಕ್ಕಿ ತಡೆಯುವ ಮಸೂದೆ: 2025ರ ಡಿಸೆಂಬರ್‌ನಲ್ಲಿ ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ: (ಫಾರ್ವರ್ಡ್) "ಅಮೆರಿಕದಲ್ಲಿ ಇನ್ನು ಮುಂದೆ ವಿಮಾನಗಳು ಡಿಕ್ಕಿಯಾಗುವುದಿಲ್ಲ, ಹೊಸ ಕಾನೂನು ಜಾರಿಯಾಗಿದೆ! ಭಾರತದ ವಿಮಾನಗಳಲ್ಲಿ ಡಿಕ್ಕಿ ತಡೆಯುವ ಯಂತ್ರವೇ ಇಲ್ಲ. ನಿಮ್ಮವರಿಗೆಲ್ಲ ತಿಳಿಸಿ."
ಮಗಳು ಜನವರಿಯಲ್ಲಿ ವಾಷಿಂಗ್ಟನ್‌ನಿಂದ ಬರುವವಳಿದ್ದಾಳೆ. ದೆಹಲಿಯಲ್ಲಿ ಇಳಿದು ಅಲ್ಲಿಂದ ರೈಲಿನಲ್ಲಿ ಬಾ ಎಂದು ಹೇಳೋಣವೆಂದಿದ್ದೇನೆ.

ನಾನು: ಚಿಕ್ಕಪ್ಪ, ಇದನ್ನು ಬರೆದವರು ಯಾರೆಂದು ತಿಳಿಸುವಿರಾ? ಅಮೆರಿಕದ ಸೆನೆಟ್ ಇದೇ ಡಿಸೆಂಬರ್ 17ರಂದು, ವಿಮಾನ ಡಿಕ್ಕಿ ತಡೆಯಲೆಂದು ತಂದ ರೋಟರ್ ಮಸೂದೆಯನ್ನು ಅವಿರೋಧವಾಗಿ ಅಂಗೀಕರಿಸಿದ್ದು ನಿಜ. ಆದರೆ ಕೆಳಮನೆ ಒಪ್ಪಿ ಅಧ್ಯಕ್ಷರ ಸಹಿ ಬೀಳುವವರೆಗೆ ಅದು ಕಾನೂನಲ್ಲ. ಕಾನೂನಾದರೂ ವಿಮಾನಗಳಲ್ಲಿ ಉಪಕರಣ ಅಳವಡಿಸಲು 2031ರ ಅಂತ್ಯದವರೆಗೆ ಗಡುವಿದೆ. ಭಾರತದ ಕುರಿತ ಮಾತಂತೂ ಶುದ್ಧ ಸುಳ್ಳು.

ಚಿಕ್ಕಪ್ಪ: ನಾನು ಏನು ಕಳಿಸಿದರೂ ನಿನಗೆ ಆಧಾರ ಬೇಕು. ಜೂನ್‌ನಲ್ಲಿ ಅಹಮದಾಬಾದ್ ವಿಮಾನ ದುರಂತವಾದಾಗ ಭಾವನವರು ಅದರ ಕಾರಣದ ಬಗ್ಗೆ ಏನೋ ಕಳಿಸಿದ್ದರಲ್ಲ, ಆಗ ನೀನು ತುಟಿ ಬಿಚ್ಚಲಿಲ್ಲ.

ಭಾವ: ಆ ಸಂದೇಶವನ್ನು ಅಂದು ಸಂಜೆಯೇ ಅಳಿಸಿದ್ದೆ. ಅದನ್ನು ಈಗ ಎಳೆದು ತರುವ ಅಗತ್ಯವಿರಲಿಲ್ಲ.

ದೊಡ್ಡಪ್ಪ: ಮಗಳ ಪ್ರಯಾಣದ ಚಿಂತೆಯಿಂದ ಕಳಿಸಿದ್ದಾನೆ, ಹಿರಿಯನೆಂಬ ಗೌರವವಾದರೂ ಮಾತಿನಲ್ಲಿರಲಿ. ಅಲ್ಲದೆ ಯಂತ್ರದ ಮೇಲೆ ಭಾರ ಹಾಕಿದವನು ಎಚ್ಚರ ಮರೆಯುತ್ತಾನೆ. ಹಾರಿಸುವವರಲ್ಲಿ ಶಿಸ್ತಿದ್ದರೆ ಕಾನೂನಿನ ಹಂಗೇಕೆ?

ಅತ್ತೆ: 1996ರ ನವೆಂಬರ್‌ನಲ್ಲಿ, ದೀಪಾವಳಿಯ ದಿನಗಳಲ್ಲೇ, ನಾವು ದೆಹಲಿಯಲ್ಲಿದ್ದಾಗ ಹರಿಯಾಣದ ಚರ್ಖಿ ದಾದ್ರಿಯ ವಿಮಾನ ಡಿಕ್ಕಿಯ ಸುದ್ದಿ ಬಂದಿತ್ತು. ಹೊಲಗಳಲ್ಲಿ ಹರಡಿದ್ದ ಅವಶೇಷಗಳನ್ನು ಟಿವಿಯಲ್ಲಿ ನೋಡಿ ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಆಗೆಲ್ಲ ಊರಿಗೆ ಹೊರಟರೆ ಕೆಕೆ ಎಕ್ಸ್‌ಪ್ರೆಸ್ ರೈಲು, ಬುತ್ತಿಯಲ್ಲಿ ಚಪಾತಿ, ದಾರಿಯುದ್ದಕ್ಕೂ ಹರಟೆ. ಅದೇ ಸುಖವಾಗಿತ್ತು.

ನಾನು: ಅತ್ತೆ ನೆನಪಿಸಿದ ಆ ನವೆಂಬರ್ 12ರ ಘಟನೆಯೇ ಚಿಕ್ಕಪ್ಪನ ಸಂದೇಶಕ್ಕೆ ಉತ್ತರ. ದೆಹಲಿಯಿಂದ ಏರುತ್ತಿದ್ದ ಸೌದಿಯ ಬೋಯಿಂಗ್ 747 ವಿಮಾನಕ್ಕೂ ಇಳಿಯುತ್ತಿದ್ದ ಕಜಾಕಿಸ್ತಾನದ ಇಲ್ಯೂಷಿನ್ ವಿಮಾನಕ್ಕೂ ಡಿಕ್ಕಿಯಾಗಿ 349 ಜನ ಸತ್ತರು. 15,000 ಅಡಿಯಲ್ಲಿ ಇರಬೇಕಾಗಿದ್ದ ಕಜಾಕ್ ವಿಮಾನ ಇನ್ನೂ ಕೆಳಗೆ ಇಳಿದಿತ್ತು. ಹೋಗುವ, ಬರುವ ವಿಮಾನಗಳಿಗೆ ಒಂದೇ ಪಥವಿತ್ತು; ಎತ್ತರ ತೋರಿಸುವ ರೇಡಾರ್ ನಿಯಂತ್ರಕರ ಮುಂದಿರಲಿಲ್ಲ. ನ್ಯಾಯಮೂರ್ತಿ ಲಾಹೋಟಿ ಅವರ ವಿಚಾರಣೆ ನಡೆಯಿತು, ಪಥಗಳು ಬೇರೆಯಾದವು, ನಮ್ಮ ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಉಪಕರಣ ಕಡ್ಡಾಯವಾಯಿತು.

ದೊಡ್ಡಪ್ಪನ ಮಾತನ್ನು ನಾನು ಒಪ್ಪಲಾರೆ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ಪೊಟೊಮ್ಯಾಕ್ ನದಿಯ ಮೇಲೆ ವಿಚಿಟಾದಿಂದ ಬಂದ ಪ್ರಯಾಣಿಕ ವಿಮಾನಕ್ಕೆ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಬಡಿದು 67 ಜನ ತೀರಿಕೊಂಡಾಗ, ವಿಮಾನ ಕಾಣುತ್ತಿದೆ, ಅಂತರವನ್ನು ನಾವೇ ಕಾಯ್ದುಕೊಳ್ಳುತ್ತೇವೆ ಎಂದು ಹೆಲಿಕಾಪ್ಟರಿನವರು ನಿಯಂತ್ರಕರಿಗೆ ಹೇಳಿದ್ದರು. ಕತ್ತಲಲ್ಲಿ, ನಗರದ ದೀಪಗಳ ನಡುವೆ, ಬರಿಗಣ್ಣಿನ ಎಚ್ಚರಕ್ಕೆ ಅಷ್ಟು ಜನರ ಪ್ರಾಣವನ್ನು ಒಪ್ಪಿಸಲಾಗಿತ್ತು. 200 ಅಡಿ ಎತ್ತರ ಮೀರಬಾರದ ಮಾರ್ಗದಲ್ಲಿ ಹೆಲಿಕಾಪ್ಟರ್ 278 ಅಡಿಯಲ್ಲಿತ್ತು. ನೆಲಕ್ಕೆ ಅಷ್ಟು ಹತ್ತಿರದಲ್ಲಿ ಟಿಕ್ಯಾಸ್ 'ಮೇಲೇರು, ಕೆಳಗಿಳಿ' ಎಂಬ ಆದೇಶವನ್ನು ಕೊಡುವುದಿಲ್ಲ. ವಿಮಾನದವರಿಗೆ ಸಿಕ್ಕಿದ್ದು ಸಮೀಪದಲ್ಲಿ ಸಂಚಾರವಿದೆ ಎಂಬ ಸೂಚನೆ ಮಾತ್ರ. ತಾನಿರುವ ಜಾಗವನ್ನು ಸುತ್ತಲಿನವರಿಗೆ ಸಾರುವ ಎಡಿಎಸ್-ಬಿ ಸಂಕೇತ ಹೆಲಿಕಾಪ್ಟರಿನಿಂದ ಹೊರಡುತ್ತಿರಲಿಲ್ಲ, ಸೇನೆಗೆ ಆ ವಿನಾಯಿತಿ ಇತ್ತು.

ನನ್ನ ತಕರಾರು ಆ ವಿನಾಯಿತಿಯ ಬಗ್ಗೆ. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ವಿಮಾನ ಇಳಿಯಬೇಕಿದ್ದ ವಾಷಿಂಗ್ಟನ್ ನಿಲ್ದಾಣದ ಬಳಿ ವಿಮಾನ, ಹೆಲಿಕಾಪ್ಟರುಗಳು ಅತಿ ಸಮೀಪ ಬಂದ 15,214 ಪ್ರಸಂಗಗಳು ದಾಖಲೆಯಲ್ಲೇ ಇದ್ದವು. ಅವುಗಳಲ್ಲಿ 85 ತೀರಾ ಅಪಾಯಕಾರಿ. ದಾಖಲೆ ಕಡತದಲ್ಲಿ ಕುಳಿತಿತ್ತು, ಮಾರ್ಗ ಹಾಗೆಯೇ ತೆರೆದಿತ್ತು. ರೋಟರ್ ಮಸೂದೆ ಸೇನೆಯ ವಿನಾಯಿತಿಯನ್ನು ಬಿಗಿಗೊಳಿಸುತ್ತದೆ. ಇತರರ ಸಂಕೇತವನ್ನು ಸ್ವೀಕರಿಸುವ ಉಪಕರಣವನ್ನೂ ವಿಮಾನಗಳಿಗೆ ಕಡ್ಡಾಯ ಮಾಡುತ್ತದೆ. ಆದರೆ ಇದೇ ತಿಂಗಳು ಸಹಿಯಾದ ರಕ್ಷಣಾ ಕಾಯ್ದೆಯ 373ನೇ ಕಲಂ ವಾಷಿಂಗ್ಟನ್ ಆಕಾಶದಲ್ಲೇ ಸೇನೆಗೆ ಮತ್ತೆ ಸಡಿಲಿಕೆಯ ದಾರಿ ಬಿಟ್ಟಿದೆ. ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೋಮೆಂಡಿ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಆ ಕಲಮನ್ನು ರದ್ದುಪಡಿಸುವುದೂ ಈಗ ಕೆಳಮನೆಯ ಕೈಯಲ್ಲಿದೆ. ಹೀಗಿರುವಾಗ 'ಇನ್ನು ಡಿಕ್ಕಿಯಾಗುವುದಿಲ್ಲ' ಎಂದು ಹಂಚುವುದು, ಮನೆಯವರನ್ನು ಕಳೆದುಕೊಂಡು ವರ್ಷವಿಡೀ ಈ ಮಸೂದೆಗಾಗಿ ಓಡಾಡಿದವರಿಗೆ ಮಾಡುವ ಅನ್ಯಾಯ.

ದೊಡ್ಡಪ್ಪ: ವಿಷಯ ತಿಳಿಯಿತು. ಆದರೂ ನಿನ್ನ ಧಾಟಿ ನನಗೆ ಹಿಡಿಸಲಿಲ್ಲ.

ಭಾವ: ಧಾಟಿಯ ಮಾತು ಆಮೇಲಿರಲಿ. ನಮ್ಮ ಬೆಂಗಳೂರಿನಲ್ಲೇ 2022ರ ಜನವರಿ 7ರಂದು ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ವಿಮಾನಗಳು ಸಮಾನಾಂತರ ರನ್‌ವೇಗಳಿಂದ ಒಟ್ಟಿಗೆ ಏರಿ ಒಂದರತ್ತ ಒಂದು ಸಾಗಿದ್ದವು. ರೇಡಾರ್ ನಿಯಂತ್ರಕರೊಬ್ಬರು ಕಂಡು ದಿಕ್ಕು ತಿರುಗಿಸಿದ್ದರಿಂದ ಎರಡೂ ಉಳಿದವು. ಆ ಘಟನೆ ಲಾಗ್‌ಬುಕ್‌ನಲ್ಲಿ ಕೂಡ ದಾಖಲಾಗಿರಲಿಲ್ಲವೆಂದು ವಿಮಾನಯಾನ ನಿರ್ದೇಶನಾಲಯದವರೇ ಹೇಳಿದರು. ಅಲ್ಲಿ ಎಣಿಸಿಯೂ ಸುಮ್ಮನಿದ್ದರು, ಇಲ್ಲಿ ಬರೆದಿಡಲೂ ಇಲ್ಲ. ನಮ್ಮ ಸಂಸತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಅತ್ತೆ: ರೈಲು ಎಂದೊಡನೆ ಎಲ್ಲರೂ ನನ್ನನ್ನು ಮರೆತೇಬಿಟ್ಟಿರಿ.

ಚಿಕ್ಕಪ್ಪ: ಇಷ್ಟೆಲ್ಲ ಹೇಳಿದಿರಿ, ಮಗಳಿಗೆ ಏನು ಹೇಳಲಿ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ತಂಗಿ (ವರ್ಜೀನಿಯಾ): ಅಪ್ಪಾ, ಈಗ ಎದ್ದು ಎಲ್ಲವನ್ನೂ ಓದಿದೆ. ಬೆಂಗಳೂರಿನವರೆಗೂ ವಿಮಾನದಲ್ಲೇ ಬರುತ್ತೇನೆ, ಟಿಕೆಟ್ ಬದಲಿಸುವುದಿಲ್ಲ. ಕೆಳಮನೆಯಲ್ಲಿ ಮಸೂದೆಯ ಪರವಾಗಿ ಮತ ಹಾಕಬೇಕೆಂದೂ 373ನೇ ಕಲಂ ಉಳಿಯಬಾರದೆಂದೂ ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಇಂದೇ ಬರೆಯುತ್ತೇನೆ. ಆ ಫಾರ್ವರ್ಡನ್ನು ದಯವಿಟ್ಟು ಅಪಾರ್ಟ್‌ಮೆಂಟಿನ ಗುಂಪಿಗೆ ಹಾಕಬೇಡಿ.

ಚಿಕ್ಕಪ್ಪ: ಬೆಳಿಗ್ಗೆಯೇ ಹಾಕಿದ್ದೇನೆ. ಸೆನೆಟ್ ವಿಷಯ ಬರೆದದ್ದನ್ನು ಚಿಕ್ಕದಾಗಿ ಕೊಡು, ಅದರ ಕೆಳಗೆ ಸೇರಿಸುತ್ತೇನೆ.